ಮನೆಯೊಳಗಣ ವಿದ್ಯುತ್ತಂತಿಯೂ ಬೆಂಕಿಯೂ



೨೦೨೨ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ಭಾಗದಲ್ಲಿ, ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿಯಲ್ಲಿ, ನಡುರಾತ್ರಿ ಕಳೆದ ಹೊತ್ತಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ತಂದೆ, ತಾಯಿ, ಇಬ್ಬರು ಮಕ್ಕಳು ನಾಲ್ವರೂ ತೀರಿಕೊಂಡ ಸಂಗತಿ ನಿಮ್ಮಲ್ಲಿ ಅನೇಕರ ನೆನಪಿನಲ್ಲಿ ಇದ್ದೀತು. ಬೇಸಗೆಯ ಸೆಕೆಗೆಂದು ಹಾಕಿಸಿದ್ದ ಹವಾನಿಯಂತ್ರಣದ ಯಂತ್ರದ ಕಡೆಯಿಂದ ಬೆಂಕಿ ಹೊತ್ತಿತೆಂದೂ, ಷಾರ್ಟ್ ಸರ್ಕ್ಯೂಟೇ ಕಾರಣವೆಂದೂ, ಉರಿಗಿಂತ ಹೊಗೆಯೇ ಅವರ ಉಸಿರನ್ನು ಕಟ್ಟಿತೆಂದೂ ಆಗಿನ ಪತ್ರಿಕೆಗಳು ಬರೆದುವು. ಮರಿಯಮ್ಮನಹಳ್ಳಿಯೆಂದರೆ ಹೊಸಪೇಟೆಯಿಂದ ಕೂಡ್ಲಿಗಿಗೂ ಹಗರಿಬೊಮ್ಮನಹಳ್ಳಿಗೂ ಹೋಗುವವರು ಹಾದುಹೋಗುವ ಊರು. ಆ ದಾರಿಯಲ್ಲಿ ನೂರಾರು ಸಲ ಓಡಾಡಿದ ನಮ್ಮಂಥವರಿಗೆ ಆ ಸುದ್ದಿ ದೂರದ ಸುದ್ದಿಯಾಗಿರಲಿಲ್ಲ. ಆ ವಾರವೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಜನ ಗೋಡೆಯ ಸ್ವಿಚ್ಚುಗಳನ್ನು ಅನುಮಾನದಿಂದ ನೋಡಿದರು, ಮರುವಾರ ಮರೆತರು.

‘ಷಾರ್ಟ್ ಸರ್ಕ್ಯೂಟ್’ ಎಂಬ ಮಾತು ಈಚೆಗೆ ನಮ್ಮಲ್ಲಿ ‘ವಿಧಿ’ ಎಂಬ ಮಾತಿನ ಸ್ಥಾನಕ್ಕೆ ಬಂದಿರುವಂತೆ ನನಗೆ ತೋರುತ್ತದೆ. ಅದನ್ನು ಉಚ್ಚರಿಸಿದೊಡನೆಯೇ ವಿಚಾರಣೆ ಮುಗಿಯಿತೆಂದು ಎಲ್ಲರೂ ಸುಮ್ಮನಾಗುವರು. ಎರಡು ತಂತಿಗಳು ಮೈಗೆ ಮೈ ತಗುಲಿದ್ದು ನಿಜವಾಗಿಯೇ ಇರಬಹುದು. ಆದರೆ ಅವು ಏತಕ್ಕೆ ತಗುಲಿದುವು? ಅವುಗಳ ಮೇಲಣ ಹೊದಿಕೆ ಏತಕ್ಕೆ ಕರಗಿತು? ಅದು ಕರಗುವಷ್ಟು ಕಾವು ಎಲ್ಲಿಂದ ಬಂದಿತು? ಬಹಳ ಸಲ ಷಾರ್ಟ್ ಸರ್ಕ್ಯೂಟು ಬೆಂಕಿಯ ಮೊದಲಲ್ಲ, ತಿಂಗಳುಗಟ್ಟಲೆ ನಡೆದು ಬಂದ ಒಂದು ಕಥೆಯ ಕೊನೆಯ ಪುಟ. ಆ ಹಿಂದಿನ ಪುಟಗಳನ್ನು ಈ ಹೊತ್ತು ನಿಮ್ಮೊಡನೆ ತಿರುವಿ ನೋಡಬೇಕೆಂಬುದೇ ನನ್ನ ಉದ್ದೇಶ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಹೇಳುವವನೇ ಹೊರತು ತಂತಿ ಎಳೆಯುವ ಕಸುಬಿನವನಲ್ಲ. ಕೈಕಸುಬಿನ ವಿಷಯದಲ್ಲಿ ತಪ್ಪಿದರೆ ಆ ವೃತ್ತಿಯವರು ಕ್ಷಮಿಸಬೇಕು.

ಕನ್ನಡನಾಡಿನಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆ ಹಳೆಯದು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಆದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮೈಸೂರಿನ ಮಾತಾಗಿರಲಿಲ್ಲ. ಅವು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿದುವು. ಅದೇ ದಶಕದಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಅಲ್ಲಿಯ ಯಂತ್ರಗಳು ವಿದ್ಯುತ್ತನ್ನು ಹುಟ್ಟಿಸತೊಡಗಿದುವು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಆ ಮೂರೂ, ಹಗರಿಬೊಮ್ಮನಹಳ್ಳಿ ಮತ್ತು ಕೊಟ್ಟೂರುಗಳೂ ಸೇರಿ ಈಗ ಒಂದೇ ಜಿಲ್ಲೆಯ ಐದು ತಾಲ್ಲೂಕುಗಳಾಗಿವೆ. ಊರುಗಳ ಚರಿತ್ರೆ ಹೀಗಿರಲಿ. ನನಗೆ ಬೇಕಾದುದು ಮನೆಗಳ ಚರಿತ್ರೆ.

ನಮ್ಮ ಸೀಮೆಯ ಹಳೆಯ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ದಪ್ಪ ಗೋಡೆ, ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಇಂಥ ಮನೆಗೆ ಮೊದಲು ವಿದ್ಯುತ್ತು ಬಂದಾಗ ನಡುಮನೆಗೊಂದು ದೀಪ, ಅಡಿಗೆಮನೆಗೊಂದು, ಪಡಸಾಲೆಗೊಂದು. ಉಳ್ಳವರಿಗೆ ಒಂದು ರೇಡಿಯೋ, ಒಂದು ಪಂಖ. ತಂತಿಯನ್ನು ತೊಲೆಯ ಮಗ್ಗುಲಿಗೆ ಮರದ ಪಟ್ಟಿ ಬಡಿದು ಅದರೊಳಗೆ ಓಡಿಸುತ್ತಿದ್ದರು. ಮುಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಬಂದುದಂತೂ ಮೊದಲಿಗೆ ಒಂದು ದೀಪಕ್ಕೆ ಸಾಕಾಗುವ ತಂತಿ. ಎಲ್ಲವೂ ಸೇರಿ ೩೦೦ ವ್ಯಾಟು ಆಗುತ್ತಿದ್ದುದು ದೊಡ್ಡ ಮಾತು. ೨೩೦ ವೋಲ್ಟಿನ ನಮ್ಮ ವ್ಯವಸ್ಥೆಯಲ್ಲಿ ಅದು ಸುಮಾರು ೧.೩ ಆಂಪಿಯರಿನ ಪ್ರವಾಹ.

ಈಗ ಅದೇ ಮನೆಯಲ್ಲಿ ನೀರು ಕಾಯಿಸುವ ಗೀಸರು ೨೦೦೦ ವ್ಯಾಟು, ಚಹಾದ ಕೆಟಲು ೧೫೦೦, ಇಸ್ತ್ರಿಪೆಟ್ಟಿಗೆ ೧೦೦೦. ಈ ಮೂರನ್ನೇ ಬೆಳಗಿನ ಏಳು ಗಂಟೆಗೆ ಒಂದೇ ಬೋರ್ಡಿನಿಂದ ನಡೆಯಿಸಿದರೆ, ಕಾಲೇಜಿಗೆ ಹೊರಡುವ ಮಕ್ಕಳಿರುವ ಮನೆಯಲ್ಲಿ ಇದು ದಿನನಿತ್ಯದ ಮಾತು, ಪ್ರವಾಹವು ೧೯ ಆಂಪಿಯರನ್ನು ಮೀರುವುದು. ಸಾಮಾನು ಬದಲಾಯಿತು, ಗೋಡೆಗೆ ಬಣ್ಣ ಬಂದಿತು, ನೆಲಕ್ಕೆ ಹಾಸುಗಲ್ಲು ಹೋಗಿ ಟೈಲು ಬಂದಿತು. ಗೋಡೆಯೊಳಗಣ ತಂತಿ ಮಾತ್ರ ಅಜ್ಜನ ಕಾಲದ್ದೇ. ಕಣ್ಣಿಗೆ ಕಾಣದ ವಸ್ತುವಿಗೆ ಯಾರು ಹಣ ಹಾಕುವರು?

ಇಲ್ಲಿ ಭೌತಶಾಸ್ತ್ರದ ಒಂದು ನಿಯಮವನ್ನು ಹೇಳದೆ ಮುಂದುವರಿಯಲಾರೆ. ಅದನ್ನು ೧೮೪೦ರ ಸುಮಾರಿನಲ್ಲಿ ಇಂಗ್ಲೆಂಡಿನ ಜೌಲ್ ಎಂಬ ವಿಜ್ಞಾನಿ ಅಳೆದು ತೋರಿಸಿದನು. ತಂತಿಯಲ್ಲಿ ಪ್ರವಾಹ ಹರಿದಾಗ ಅದು ಕಾಯುವುದು. ಆ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದು. ಎಂದರೆ ಪ್ರವಾಹ ಇಮ್ಮಡಿಯಾದರೆ ಕಾವು ಇಮ್ಮಡಿಯಲ್ಲ, ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತುಮಡಿ. ೧.೩ ಆಂಪಿಯರಿಂದ ೧೯.೫ಕ್ಕೆ ಹೋದ ನಮ್ಮ ಮನೆಯಲ್ಲಿ ಪ್ರವಾಹ ಬೆಳೆದದ್ದು ೧೫ ಮಡಿ, ತಂತಿಯ ಕಾವು ಬೆಳೆದದ್ದು ೨೨೫ ಮಡಿ. ನಮ್ಮ ಸಾಮಾನ್ಯ ಬುದ್ಧಿಗೆ ಇದು ಹೊಳೆಯುವುದಿಲ್ಲ. ‘ಇನ್ನೊಂದು ಪ್ಲಗ್ಗು ತಾನೆ, ಏನಾದೀತು’ ಎಂದು ನಾವು ಕೂಡಿಕೆಯ ಲೆಕ್ಕದಲ್ಲಿ ಯೋಚಿಸುತ್ತೇವೆ. ತಂತಿ ವರ್ಗದ ಲೆಕ್ಕದಲ್ಲಿ ಕಾಯುತ್ತದೆ.

ಸಾಮಾನ್ಯವಾದ ಪಿ.ವಿ.ಸಿ. ಹೊದಿಕೆಯ ತಂತಿಗೆ ಸದಾ ತಾಳಿಕೊಳ್ಳಬಹುದಾದ ಉಷ್ಣದ ಮೇರೆ ೭೦ ಡಿಗ್ರಿ ಸೆಂಟಿಗ್ರೇಡು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಕೂಡ್ಲಿಗಿ ಕೊಟ್ಟೂರುಗಳ ಗಾಳಿಯೇ ೪೦ ಡಿಗ್ರಿಯ ನೆರೆಯಲ್ಲಿರುವಾಗ, ಬಿಸಿಲು ಕುಡಿದ ಗೋಡೆಯೊಳಗಣ ನಳಿಗೆಯಲ್ಲಿರುವ ತಂತಿಗೆ ಉಳಿದಿರುವ ಅವಕಾಶವೆಷ್ಟು? ಆದಕಾರಣ ಮಲೆನಾಡಿನ ಮನೆಯಲ್ಲಿ ಸಾಕಾದ ತಂತಿ ಇಲ್ಲಿ ಸಾಲದೆ ಹೋಗಬಹುದು. ದೀಪಗಳಿಗೆ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ, ಸಾಮಾನ್ಯ ಪ್ಲಗ್ಗುಗಳಿಗೆ ೨.೫, ಗೀಸರಿಗೂ ಹವಾನಿಯಂತ್ರಣಕ್ಕೂ ೪, ಅದೂ ಪ್ರತಿಯೊಂದಕ್ಕೂ ಮುಖ್ಯ ಹಲಗೆಯಿಂದ ಬೇರೆಯಾಗಿ ಬಂದದ್ದು, ಎಂಬುದು ಈಗಿನ ರೂಢಿ. ತಂತಿಯ ಮೇಲೆ ಭಾರತೀಯ ಮಾನಕದ ಗುರುತೂ ೬೯೪ ಎಂಬ ಸಂಖ್ಯೆಯೂ ಇರಬೇಕು. ಸಂತೆಯಲ್ಲಿ ಅಗ್ಗಕ್ಕೆ ದೊರೆಯುವ, ಹೆಸರಿಲ್ಲದ ಸುರುಳಿಯೊಳಗೆ ತಾಮ್ರಕ್ಕಿಂತ ಪ್ಲಾಸ್ಟಿಕ್ಕೇ ಹೆಚ್ಚು.

ಮಿತಿಮೀರಿದ ಪ್ರವಾಹವನ್ನು ತಡೆಯುವುದಕ್ಕೆ ಫ್ಯೂಸು ಇದೆಯಲ್ಲ ಎನ್ನಬಹುದು. ಫ್ಯೂಸೆಂಬುದು ಬೇಕೆಂದೇ ದುರ್ಬಲವಾಗಿ ಮಾಡಿದ ತಂತಿ. ಮನೆಯ ತಂತಿ ಸಾಯುವುದಕ್ಕೆ ಮೊದಲು ತಾನು ಸಾಯುವುದೇ ಅದರ ಧರ್ಮ. ಆದರೆ ಹಬ್ಬದ ದಿನ ರಾತ್ರಿ ಅದು ಮೂರು ಸಲ ಸುಟ್ಟುಹೋದರೆ ನಾವೇನು ಮಾಡುತ್ತೇವೆ? ಕೈಗೆ ಸಿಕ್ಕಿದ ದಪ್ಪ ತಾಮ್ರದ ಎಳೆಯನ್ನು ಎರಡು ಮೂರು ಸುತ್ತು ಸುತ್ತಿ ‘ಇನ್ನು ಹೋಗದು’ ಎಂದು ಕೈ ಒರಸಿಕೊಳ್ಳುತ್ತೇವೆ. ಹೋಗದು ನಿಜ. ಆಮೇಲೆ ಹೋಗತಕ್ಕುದು ಗೋಡೆಯೊಳಗಣ ತಂತಿ. ಇಂಥ ಅಪಾಯವನ್ನು ಕಡಮೆ ಮಾಡುವುದಕ್ಕೆಂದೇ ಎಂ.ಸಿ.ಬಿ. ಎಂಬ ಚಿಕ್ಕ ಯಂತ್ರ ಬಂದಿದೆ. ಅದರೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಂದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ಪ್ರವಾಹ ಸ್ವಲ್ಪ ಮಿತಿಮೀರಿದರೆ ಅದು ಮೆಲ್ಲಮೆಲ್ಲಗೆ ಕಾದು, ಬಾಗಿ, ಕೊಂಡಿಯನ್ನು ಕಳಚುತ್ತದೆ. ಇನ್ನೊಂದು ವಿದ್ಯುದಯಸ್ಕಾಂತ, ಷಾರ್ಟ್ ಸರ್ಕ್ಯೂಟಿನಂತೆ ಪ್ರವಾಹ ಒಮ್ಮೆಲೇ ನುಗ್ಗಿದರೆ ಅದು ಕಣ್ಣೆವೆ ಇಕ್ಕುವುದರೊಳಗೆ ಎಳೆದುಬಿಡುತ್ತದೆ. ಇದರ ಕಾವಲು ತಂತಿಗೇ ಹೊರತು ನಿಮ್ಮ ಗೀಸರಿಗಲ್ಲ ಎಂಬುದನ್ನು ಮಾತ್ರ ಮರೆಯಕೂಡದು. ೧.೫ರ ತಂತಿಗೆ ೩೨ ಆಂಪಿಯರಿನ ಎಂ.ಸಿ.ಬಿ.ಯನ್ನು ಹಾಕುವುದು ದಪ್ಪ ತಾಮ್ರದ ಎಳೆಯನ್ನು ಸುತ್ತಿದ್ದಕ್ಕಿಂತ ಬೇರೆಯಲ್ಲ. ನೋಟಕ್ಕೆ ನಾಗರಿಕವಾಗಿದೆ, ಅಷ್ಟೆ.

ಇಷ್ಟರಮಟ್ಟಿಗೆ ಎಲ್ಲರೂ ಬಲ್ಲ ಮಾತು. ಇನ್ನು ಬಲ್ಲವರು ಕಡಮೆಯಾದ ಮಾತಿಗೆ ಬರುತ್ತೇನೆ. ಇದಕ್ಕೆ ನನ್ನ ಮನೆಯ ಒಂದು ಪ್ರಸಂಗವೇ ಪೀಠಿಕೆ.

ಕೊಟ್ಟೂರಿನಲ್ಲಿರುವ ನಮ್ಮ ಹಳೆಯ ಮನೆಯಲ್ಲಿ ನನ್ನ ತಾಯಿಯವರು ಇದ್ದಾರೆ. ಕೆಲವು ವರ್ಷಗಳ ಹಿಂದೆ, ನಾನು ರಜೆಗೆ ಹೋಗಿದ್ದಾಗ, ‘ನಡುಮನೆಯಲ್ಲಿ ಸಂಜೆ ಹೊತ್ತು ಮೀನಿನ ವಾಸನೆ ಬರುತ್ತದೆ’ ಎಂದು ಅವರು ಹೇಳಿದರು. ಮೂರು ತಲೆಮಾರಿನಿಂದ ಮೀನನ್ನು ಒಳಗೆ ತಾರದ ಮನೆ ನಮ್ಮದು. ಬೆಕ್ಕು ತಂದಿರಬೇಕೆಂದು ಅಟ್ಟವನ್ನೆಲ್ಲ ಹುಡುಕಿಸಿದರು. ನೆರೆಮನೆಗೆ ಹೊಸದಾಗಿ ಬಂದ ಒಕ್ಕಲಿನವರ ಮೇಲೆ ಸಂಶಯಪಟ್ಟರು. ಕೊನೆಗೆ ಧೂಪ ಹಾಕಿಸಿ ಸುಮ್ಮನಾದರು. ನಾನೂ ನಕ್ಕೆ. ಮೂರನೆಯ ದಿನ ರಾತ್ರಿ ಅವರು ಏರ್ ಕೂಲರನ್ನು ಹಾಕಿಕೊಂಡು ಮಲಗಿದ್ದಾಗ ನೀರಿಗೆಂದು ಎದ್ದ ನಾನು ಕತ್ತಲಲ್ಲಿ ಸ್ವಿಚ್ಚಿನ ಹಲಗೆಯ ಮೇಲೆ ಕೈ ಇಟ್ಟೆ; ಬಿಸಿ ತವೆಯ ಅಂಚನ್ನು ಮುಟ್ಟಿದಂತಾಯಿತು. ಮುಖ್ಯ ಸ್ವಿಚ್ಚನ್ನು ತೆಗೆದು, ಟಾರ್ಚಿನ ಬೆಳಕಿನಲ್ಲಿ ಹಲಗೆಯನ್ನು ಬಿಚ್ಚಿ ನೋಡಿದರೆ, ಪ್ಲಗ್ಗಿನ ಹಿಂಬದಿಯಲ್ಲಿ ತಂತಿಯನ್ನು ಹಿಡಿಯತಕ್ಕ ತಿರುಪುಮೊಳೆ ಒಂದು ಸುತ್ತಿನಷ್ಟು ಸಡಿಲವಾಗಿತ್ತು. ಅದರ ಸುತ್ತಣ ಪ್ಲಾಸ್ಟಿಕ್ಕು ಕಂದುಗಟ್ಟಿ ಬಿರಿದಿತ್ತು. ತಂತಿಯ ಹೊದಿಕೆ ಎರಡು ಅಂಗುಲ ಕರಿದಾಗಿತ್ತು. ಹಲಗೆ ಕೂತಿದ್ದ ಮರದ ಚೌಕಟ್ಟಿನ ಒಳಮೈ ಇದ್ದಿಲಿನಂತೆ ಕೈಗೆ ಅಂಟುತ್ತಿತ್ತು. ಸ್ವಿಚ್ಚು ಪ್ಲಗ್ಗುಗಳನ್ನು ಮಾಡುವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳಲ್ಲಿ ಸಾರಜನಕದ ಸಂಯುಕ್ತಗಳುಂಟು. ಅವು ಕಾದಾಗ ಹೊರಡುವ ವಾಸನೆ ಮೀನಿನ ವಾಸನೆಯನ್ನೇ ಹೋಲುವುದು. ಈ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಮೂಗಿಗೆ ಇಳಿದಿರಲಿಲ್ಲ. ನಮ್ಮ ತಾಯಿಯ ಮಂಚ ಆ ಹಲಗೆಯಿಂದ ಎರಡು ಮಾರು ದೂರದಲ್ಲಿತ್ತು.

ಈಗ ಈ ಸಡಿಲ ಮೊಳೆಯ ಲೆಕ್ಕವನ್ನು ನೋಡೋಣ. ಬಿಗಿಯಾದ ಜೋಡಣೆಯಲ್ಲಿ ಪ್ರವಾಹಕ್ಕೆ ಅಡ್ಡಿ ಇಲ್ಲವೆಂದೇ ಹೇಳಬಹುದು. ಸಡಿಲವಾದಾಗ ಲೋಹಕ್ಕೆ ಲೋಹ ಮುಟ್ಟುವ ಜಾಗ ಸೂಜಿಮೊನೆಯಷ್ಟಾಗಿ, ಅಲ್ಲಿ ಕಿಡಿ ಹಾರಿ, ತಾಮ್ರದ ಮೇಲೆ ಕಿಟ್ಟ ಬೆಳೆದು, ಅಡ್ಡಿ ಏರುತ್ತ ಹೋಗುವುದು. ಅದು ಅರ್ಧ ಓಮಿನಷ್ಟಾಯಿತೆನ್ನಿ. ಅದರೊಳಗೆ ೧೦ ಆಂಪಿಯರು ಹರಿದರೆ ಆ ಒಂದೇ ಸ್ಥಳದಲ್ಲಿ ಹುಟ್ಟುವ ಕಾವು ೫೦ ವ್ಯಾಟು. ಐವತ್ತು ವ್ಯಾಟಿನ ಹಳೆಯ ದೀಪದ ಬುರುಡೆಯನ್ನು ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಇಲ್ಲಿ ಅಷ್ಟು ಕಾವು ಜೋಳದ ಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, ಒಣಮರದ ಪಕ್ಕದಲ್ಲಿ. ಜೋಡಣೆ ಕೆಂಪಗೆ ಕಾಯುವುದುಂಟು. ಹೀಗೆ ಬಹುಕಾಲ ಕಾದ ಮರ ಒಳಗೊಳಗೇ ಇದ್ದಿಲಾಗುತ್ತ ಬರುವುದು. ಇದ್ದಿಲು ಮರಕ್ಕಿಂತ ಸುಲಭವಾಗಿ ಕೆಂಡವಾಗುವುದು.

ಇನ್ನೂ ಕೆಟ್ಟ ಸಂಗತಿಯೆಂದರೆ, ಎಂ.ಸಿ.ಬಿ.ಗೆ ಇದು ಕಾಣಿಸುವುದೇ ಇಲ್ಲ. ಅದರ ಕಣ್ಣಿಗೆ ಹತ್ತು ಆಂಪಿಯರು ಹತ್ತೇ ಆಂಪಿಯರು, ಮಿತಿಯೊಳಗೇ ಇದೆ. ಎಲ್ಲಿಯೂ ಸೋರಿಕೆಯಿಲ್ಲದುದರಿಂದ ಸೋರಿಕೆಯ ಕಾವಲಿನ ಯಂತ್ರಕ್ಕೂ ಕಾಣದು. ಇಂಥ ಕಿಡಿಯನ್ನೇ ಗುರುತಿಸುವ ಹೊಸ ಯಂತ್ರಗಳು ಬಂದಿವೆಯಾದರೂ ನಮ್ಮ ಊರುಗಳ ಮನೆಗಳಲ್ಲಿ ಅವು ಅಪರೂಪ. ಆದುದರಿಂದ ಈ ಒಂದು ಶತ್ರುವಿಗೆ ತಿರುಪುಳಿಯೇ ಆಯುಧ, ಮೂಗು ಕಿವಿ ಚರ್ಮಗಳೇ ಗೂಢಚಾರರು. ಮಿಕ್ಸಿಯನ್ನು ಹಾಕಿದೊಡನೆ ದೀಪ ಕಣ್ಣು ಮಿಟುಕಿಸಿದರೆ, ಸ್ವಿಚ್ಚಿನೊಳಗೆ ಚಿರ್ ಎಂಬ ಸದ್ದು ಬಂದರೆ, ಪ್ಲಗ್ಗಿನ ಮುಳ್ಳು ಕೈಗೆ ಸುಡುವಂತಿದ್ದರೆ, ಬಿಳಿಯ ಹಲಗೆಯ ಮೇಲೆ ಹಳದಿಯ ಕಲೆ ಮೂಡಿದರೆ, ಅದನ್ನು ಆ ದಿನವೇ ನೋಡಿಸಬೇಕು. ೧೯೯೭ರ ಜೂನ್ ೧೩ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ೫೯ ಜನ ಸತ್ತ ಬೆಂಕಿಯ ಮೂಲವನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತದ್ದು ಟ್ರಾನ್ಸ್‌ಫಾರ್ಮರಿನಲ್ಲಿ ಸರಿಯಾಗಿ ಕೂಡಿಸದೆ ಬಿಟ್ಟಿದ್ದ ಒಂದು ಕೇಬಲ್ಲಿನ ಜೋಡಣೆಯ ಬಳಿಗೆ.

ಹಳೆಯ ಮನೆಗಳಲ್ಲಿ ಅಲ್ಯುಮಿನಿಯಮ್ ತಂತಿಯಿದ್ದರೆ ಈ ಎಚ್ಚರ ಇಮ್ಮಡಿಯಾಗಬೇಕು. ತಾಮ್ರ ದುಬಾರಿಯಾಗಿದ್ದ ದಶಕಗಳಲ್ಲಿ ಅದನ್ನು ಧಾರಾಳವಾಗಿ ಬಳಸಿದರು. ಅದು ಮೆತ್ತನೆಯ ಲೋಹ. ಮೊಳೆಯ ಅದುಮಿಗೆ ಮೆಲ್ಲಗೆ ಜಾರಿ ತೆಳ್ಳಗಾಗುವುದು. ಕಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗಿ, ಆರಿದಾಗ ಹೆಚ್ಚು ಕುಗ್ಗಿ, ದಿನದಿನವೂ ಮೊಳೆಯನ್ನು ತಾನೇ ಸಡಿಲಿಸಿಕೊಳ್ಳುವುದು. ಅದರ ಮೇಲಣ ಕಿಟ್ಟವೋ ವಿದ್ಯುತ್ತನ್ನು ಬಿಡದ ವಸ್ತು. ಹಳೆಯ ಅಲ್ಯುಮಿನಿಯಮ್ಮಿಗೆ ಹೊಸ ತಾಮ್ರವನ್ನು ಹೆಣೆದು ಮೇಲೆ ಟೇಪು ಸುತ್ತುವ ಪದ್ಧತಿ ನಮ್ಮಲ್ಲಿ ಬಹಳ. ತೇವ ಸೋಕಿದಾಗ ಎರಡು ಲೋಹಗಳ ನಡುವೆ ಸವೆತ ಹುಟ್ಟಿ ಆ ಗಂಟು ವರ್ಷದಿಂದ ವರ್ಷಕ್ಕೆ ಕೆಡುವುದು. ಅಮೆರಿಕೆಯಲ್ಲಿ ೧೯೬೫ರಿಂದ ಕೆಲವು ವರ್ಷ ಮನೆಗಳಿಗೆ ಇದೇ ತಂತಿಯನ್ನು ಹಾಕಿ ಬಹಳ ಪಶ್ಚಾತ್ತಾಪಪಟ್ಟರು.

ಇನ್ನು ನೆಲದ ಮಾತು. ಇದು ನಮ್ಮ ಐದು ತಾಲ್ಲೂಕುಗಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು, ಆದಕಾರಣ ಸ್ವಲ್ಪ ನಿಧಾನಿಸುತ್ತೇನೆ. ಅರ್ಥಿಂಗ್ ಎಂದರೆ ಉಪಕರಣದ ಲೋಹದ ಮೈಯನ್ನು ಭೂಮಿಗೆ ಕೂಡಿಸುವುದು. ತಂತಿಯ ಹೊದಿಕೆ ಎಲ್ಲಿಯಾದರೂ ಹರಿದು ಪ್ರವಾಹ ಆ ಮೈಗೆ ಬಂದರೆ, ಅದು ಭೂಮಿಗೆ ರಭಸದಿಂದ ಹರಿದು, ಫ್ಯೂಸನ್ನು ಸುಟ್ಟು, ತನ್ನನ್ನು ತಾನೇ ಕಡಿದುಕೊಳ್ಳಬೇಕೆಂಬುದು ಇದರ ತತ್ತ್ವ. ತತ್ತ್ವ ಸೊಗಸಾಗಿದೆ, ಭೂಮಿ ಒದ್ದೆಯಾಗಿರುವ ಕಡೆ ನಡೆಯುತ್ತದೆ. ಕೂಡ್ಲಿಗಿ ಕೊಟ್ಟೂರುಗಳ ಕೆಂಪು ಮಸಬು ನೆಲ ಬೇಸಗೆಯಲ್ಲಿ ಹೇಗಿರುವುದೆಂದು ಇಲ್ಲಿಯ ರೈತರನ್ನು ಕೇಳಿ. ಒಣಗಿದ ಮಣ್ಣು ವಿದ್ಯುತ್ತಿಗೆ ದಾರಿ ಬಿಡುವುದೇ ಇಲ್ಲವೆನ್ನಬಹುದು. ನಿಮ್ಮ ಮನೆಯ ಅರ್ಥಿಂಗಿನ ಅಡ್ಡಿ ೨೦ ಓಮ್ ಆಗಿದೆಯೆನ್ನಿ, ಹೇಗೋ ಹೂತ ಕೊಳವೆಗೆ ಇದು ಅಸಾಧಾರಣವಲ್ಲ. ೨೩೦ ವೋಲ್ಟಿನ ಪೂರ್ಣ ಒತ್ತಡ ಬಿದ್ದರೂ ಅದರಲ್ಲಿ ಹರಿಯತಕ್ಕುದು ೧೧.೫ ಆಂಪಿಯರು ಮಾತ್ರ. ೧೬ ಆಂಪಿಯರಿನ ಎಂ.ಸಿ.ಬಿ. ಇದನ್ನು ಯಾವುದೋ ಗೀಸರೆಂದು ತಿಳಿದು ಕೂತಿರುವುದು. ಅತ್ತ ಎರಡೂವರೆ ಸಾವಿರ ವ್ಯಾಟಿಗೂ ಮಿಕ್ಕ ಶಕ್ತಿ ಭೂಮಿಗೆ ಹರಿಯುತ್ತ, ದಾರಿಯಲ್ಲಿ ದುರ್ಬಲವಾದ ಜೋಡಣೆ ಯಾವುದಿದ್ದರೂ ಅದನ್ನು ಕಾಯಿಸುತ್ತಿರುವುದು.

ಅರ್ಥಿಂಗಿನ ಕೊಳವೆ ಎರಡೂವರೆ ಮೀಟರಿಗೆ ಕಡಮೆಯಿಲ್ಲದಂತೆ ಆಳಕ್ಕೆ ಇಳಿದಿರಬೇಕು. ಸುತ್ತ ಇದ್ದಿಲೂ ಉಪ್ಪೂ ತುಂಬಿರಬೇಕು. ಬೇಸಗೆಯಲ್ಲಿ ಅದರ ಬಾಯಿಗೆ ನೀರು ಬೀಳುತ್ತಿರಬೇಕು. ತುಳಸಿಕಟ್ಟೆಗೆ ದಿನವೂ ನೀರೆರೆಯುವ ಮನೆಯವರು ಹಿತ್ತಲಿನ ಈ ಕುಣಿಗೆ ವಾರಕ್ಕೊಂದು ಬಿಂದಿಗೆ ಎರೆಯುವುದು ಕಷ್ಟವಲ್ಲ. ಆದರೂ ನಮ್ಮ ನೆಲವನ್ನು ನಂಬಿ ಕೂಡುವಂತಿಲ್ಲ. ಆರ್.ಸಿ.ಸಿ.ಬಿ. ಎಂಬ ಯಂತ್ರ ಇಂಥ ನೆಲಕ್ಕೆ ವರವಿದ್ದಂತೆ. ಅದು ಒಳಕ್ಕೆ ಹೋದ ಪ್ರವಾಹವನ್ನೂ ಹಿಂದಿರುಗಿ ಬಂದ ಪ್ರವಾಹವನ್ನೂ ಸದಾ ತೂಗಿ ನೋಡುತ್ತಿರುವುದು. ಎರಡಕ್ಕೂ ವ್ಯತ್ಯಾಸ ೩೦ ಮಿಲಿ ಆಂಪಿಯರು, ಎಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಭಾಗ, ಬಂದಿತೆಂದರೆ ಎಲ್ಲಿಯೋ ಸೋರುತ್ತಿದೆಯೆಂದು ತೀರ್ಮಾನಿಸಿ ತಟ್ಟನೆ ಕಡಿದುಬಿಡುವುದು. ಮೇಲಿನ ಉದಾಹರಣೆಯಲ್ಲಿ ೧೧.೫ ಆಂಪಿಯರಿಗೆ ಕಾಯುವ ಮಾತೇ ಇಲ್ಲ. ಮನುಷ್ಯನಿಗೆ ಆಘಾತವಾಗದಂತೆ ತಡೆಯುವುದು ಅದರ ಮುಖ್ಯ ಉಪಯೋಗವೆಂದು ಜನ ತಿಳಿದಿದ್ದಾರೆ. ಸೋರಿಕೆಯಿಂದ ಹುಟ್ಟುವ ಬೆಂಕಿಗೂ ಅದೇ ಔಷಧ. ಅದರ ಮುಖದ ಮೇಲೆ ಪರೀಕ್ಷೆಗೆಂದು ಒಂದು ಗುಂಡಿಯಿದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಬದಲಾಯಿಸಬೇಕು. ಕೆಲವರು ‘ಇದು ಮೇಲಿಂದ ಮೇಲೆ ಬೀಳುತ್ತದೆ, ಪೀಡೆ’ ಎಂದು ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಕೂಡಿಸಿಕೊಂಡಿರುವುದನ್ನು ಕಂಡಿದ್ದೇನೆ. ನಾಯಿ ಬೊಗಳುತ್ತದೆಂದು ಅದನ್ನು ಓಡಿಸಿ ಕಳ್ಳನ ಪಾಲಿಗೆ ಬಾಗಿಲು ತೆರೆದಿಟ್ಟ ಹಾಗೆ.

ಸೋರಿಕೆ ಹುಟ್ಟುವ ಕಾರಣಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಮಾಳಿಗೆ ಮನೆಯಲ್ಲಿ ಇಲಿಗಳಿಗೇನು ಕೊರತೆ? ಅಟ್ಟದ ಮೇಲೆ ಶೇಂಗಾದ ಚೀಲ, ಜೋಳದ ಸೊಪ್ಪೆ, ಹಳೆಯ ಹಾಸಿಗೆಯ ಅರಳೆ. ಅವುಗಳ ಪಕ್ಕದಲ್ಲಿಯೇ ಹಲ್ಲು ತಾಗಿದ ತಂತಿ. ಮಳೆಗಾಲದ ಮೊದಲ ಮಳೆಗೆ ಮಣ್ಣಿನ ಮಾಳಿಗೆ ಸೋರಿ ಆ ನೀರು ಮರದ ಪಟ್ಟಿಯೊಳಗೆ ಇಳಿದರೆ ಬೇಸಗೆಯಲ್ಲೆಲ್ಲ ಸುಮ್ಮನಿದ್ದ ಹಳೆಯ ಹರಕು ಜೂನಿನಲ್ಲಿ ಮಾತಾಡತೊಡಗುವುದು. ಮೊದಲ ಮಳೆ ಬಿದ್ದಾಗ ಗೋಡೆ ‘ಜುಂ’ ಎನ್ನುವುದನ್ನು ತಮಾಷೆಯಾಗಿ ಹೇಳಿಕೊಳ್ಳುವ ಮನೆಗಳನ್ನು ಹರಪನಹಳ್ಳಿಯ ಕಡೆ ನೋಡಿದ್ದೇನೆ. ಅದು ತಮಾಷೆಯಲ್ಲ.

ಜಾತ್ರೆ ಮದುವೆಗಳ ತಾತ್ಕಾಲಿಕ ದೀಪಗಳ ವಿಷಯದಲ್ಲಿ ಒಂದೇ ಮಾತು. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ನೆಂಟರು ಬಂದರೆಂದು ಮನೆಯ ಮುಂದೆ ಚಪ್ಪರ ಹಾಕಿ, ಕೈಯಿಂದ ಹೊಸೆದ ತಂತಿಯನ್ನು ಒಣ ತೆಂಗಿನ ಗರಿಗೆ ಕಟ್ಟಿ, ಅದರ ತುದಿಯನ್ನು ಪ್ಲಗ್ಗೇ ಇಲ್ಲದೆ ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುವವರು ಇದ್ದಾರೆ. ಆ ಕಡ್ಡಿಯನ್ನು ಅಲ್ಲಿ ಇಟ್ಟವರ ವಿನೋದಬುದ್ಧಿಯನ್ನು ಮೆಚ್ಚಬೇಕು!

ಮನೆಯೊಳಗಣ ತಂತಿ ಸರಿಯಿದ್ದರೂ ಹೊರಗಿನಿಂದ ಬರುವ ಒಂದು ವಿಪತ್ತುಂಟು. ಬೀದಿಯ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದರೆ, ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಕೊಂಡಿಯಂತೆ ಸೇರಿ, ೨೩೦ರ ಬದಲು ೪೦೦ ವೋಲ್ಟಿಗೆ ಸಮೀಪದ ಒತ್ತಡ ಕೆಲವು ಮನೆಗಳ ಮೇಲೆ ಬೀಳುವುದು. ಒಂದು ಬೀದಿಯ ಟೆಲಿವಿಷನ್ನುಗಳೆಲ್ಲ ಒಮ್ಮೆಲೇ ಸುಟ್ಟುವೆಂದರೆ ಇದೇ. ದೀಪಗಳು ಎಂದಿಗಿಂತ ಹೆಚ್ಚು ಪ್ರಕಾಶದಿಂದ ಉರಿಯುವುದನ್ನು ಕಂಡರೆ ಸಂತೋಷಪಡದೆ ಮುಖ್ಯ ಸ್ವಿಚ್ಚನ್ನು ತೆಗೆದು ೧೯೧೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿರಿ.

ಮರಿಯಮ್ಮನಹಳ್ಳಿಯ ಮಾತಿಗೆ ಮರಳುತ್ತೇನೆ. ಹವಾನಿಯಂತ್ರಣದ ಕೋಣೆಯ ವಿಶೇಷವೇನೆಂದರೆ ಅದರ ಕಿಟಕಿ ಬಾಗಿಲುಗಳನ್ನು ಬೇಕೆಂದೇ ಭದ್ರವಾಗಿ ಮುಚ್ಚಿರುತ್ತಾರೆ. ಯಂತ್ರವು ಗಂಟೆಗಟ್ಟಲೆ ಎಂಟು ಆಂಪಿಯರಿನಂತೆ ಪ್ರವಾಹವನ್ನು ಎಳೆಯುತ್ತಿರುವುದು. ಜೋಡಣೆ ಸಡಿಲವಾಗಿದ್ದರೆ ಅದು ಆರುವುದಕ್ಕೆ ಬಿಡುವೇ ಇಲ್ಲ. ಪಿ.ವಿ.ಸಿ. ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ, ಬೆಂಕಿಗೆ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡೂ ಹುಟ್ಟುವುವು. ಎರಡನೆಯದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನನ್ನು ಅದು ಎಬ್ಬಿಸುವುದಿಲ್ಲ, ಇನ್ನೂ ಆಳವಾಗಿ ಮಲಗಿಸುವುದು. ೨೦೧೦ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ೯ ಜನ ಸತ್ತಾಗಲೂ ಜನರನ್ನು ಕಂಗೆಡಿಸಿದ್ದು ತಂತಿಗಳ ಕೊಳವೆಯಿಂದ ಮೇಲೆ ಬಂದ ಹೊಗೆಯೇ. ಆದುದರಿಂದ ಹವಾನಿಯಂತ್ರಣಕ್ಕೆ ಬೇರೆ ತಂತಿ, ಬೇರೆ ಎಂ.ಸಿ.ಬಿ. ಇರತಕ್ಕದ್ದು, ವಿಸ್ತರಣೆಯ ಪೆಟ್ಟಿಗೆಯಿಂದ ಅದನ್ನು ಎಂದಿಗೂ ನಡೆಯಿಸಕೂಡದು, ಪ್ರತಿ ಬೇಸಗೆಗೆ ಮುಂಚೆ ಅದರ ಪ್ಲಗ್ಗಿನ ಮೊಳೆಗಳನ್ನು ಬಿಗಿ ಮಾಡಿಸಬೇಕು. ಮಲಗುವ ಕೋಣೆಯ ಚಾವಣಿಗೆ ಹೊಗೆಯನ್ನು ಕಂಡು ಕೂಗುವ ಬ್ಯಾಟರಿಯ ಚಿಕ್ಕ ಯಂತ್ರವನ್ನು ಅಂಟಿಸುವ ಪದ್ಧತಿ ಪರದೇಶಗಳಲ್ಲಿ ಸಾಮಾನ್ಯವಾಗಿದೆ. ಅದರ ಬೆಲೆ ನಾವು ಕೋಣೆಯ ಬಣ್ಣಕ್ಕೆ ಕೊಡುವುದಕ್ಕಿಂತ ಬಹಳ ಕಡಮೆ.

ಬೆಂಕಿ ಕಂಡರೆ ಮೊದಲು ಮುಖ್ಯ ಸ್ವಿಚ್ಚು. ವಿದ್ಯುತ್ತು ಹರಿಯುತ್ತಿರುವಾಗ ನೀರು ಎರಚಿದವನು ಬೆಂಕಿಯಿಂದಲ್ಲ, ನೀರಿನಿಂದ ಸಾಯಬಹುದು. ಒಣ ಮರಳು ಆದೀತು. ಒಣ ಪುಡಿಯ ಆರಿಸುವ ಡಬ್ಬಿಯಿದ್ದರೆ ಉತ್ತಮ. ಹೊಗೆ ತುಂಬಿದ್ದರೆ ನಿಲ್ಲದೆ ತೆವಳಿ ಹೊರಗೆ ಬರಬೇಕು. ಬಂದ ಮೇಲೆ ಬಾಗಿಲನ್ನು ಎಳೆದುಕೊಂಡು, ೧೦೧ಕ್ಕೋ ೧೧೨ಕ್ಕೋ ಹೇಳಿ, ಒಡವೆಗೆಂದು ಮತ್ತೆ ಒಳಗೆ ಹೋಗಕೂಡದು. ಮುಖ್ಯ ಸ್ವಿಚ್ಚು ಎಲ್ಲಿದೆಯೆಂಬುದು ಮನೆಯ ಯಜಮಾನನೊಬ್ಬನಿಗೇ ಗೊತ್ತಿರುವುದು ನಮ್ಮಲ್ಲಿ ವಾಡಿಕೆ. ಅದರ ಮುಂದೆ ಅಕ್ಕಿಯ ಮೂಟೆಯನ್ನು ಒಟ್ಟಿರುವುದು ಇನ್ನೊಂದು ವಾಡಿಕೆ.

ಕೆಲಸವನ್ನು ಯಾರಿಂದ ಮಾಡಿಸಬೇಕೆಂಬ ಪ್ರಶ್ನೆ ಉಳಿಯಿತು. ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರು ಇದ್ದಾರೆ. ಅವರು ಸ್ವಲ್ಪ ಹೆಚ್ಚು ಕೇಳುವರು. ನಮ್ಮ ಮನೆಯ ಆ ಪ್ಲಗ್ಗನ್ನು ಹಾಕಿದ್ದು ಸೈಕಲ್ ರಿಪೇರಿಯ ನಡುವೆ ಈ ಕೆಲಸವನ್ನೂ ಮಾಡುತ್ತಿದ್ದ ಒಬ್ಬ ಹುಡುಗ. ಅವನನ್ನು ನಾನು ದೂರುವುದಿಲ್ಲ; ನೂರು ರೂಪಾಯಿ ಉಳಿಯಿತೆಂದು ಕರೆದವನು ನಾನೇ. ಪರವಾನಗಿಯವರಾದರೂ ಕೆಲಸ ಮುಗಿದ ಮೇಲೆ ಮೆಗ್ಗರ್ ಎಂಬ ಉಪಕರಣದಿಂದ ಹೊದಿಕೆಯ ನಿರೋಧವನ್ನು ಅಳೆದು ತೋರಿಸಿರೆಂದು ನಿಮ್ಮ ಮುಂದೆಯೇ ಕೇಳಿರಿ. ೫೦೦ ವೋಲ್ಟಿನ ಒತ್ತಡದಲ್ಲಿ ಅದು ಒಂದು ಮೆಗಾ ಓಮಿಗೆ ಕಡಮೆಯಿರಬಾರದು. ಕೇಳಿದೊಡನೆ ಮುಖ ಗಂಟಿಕ್ಕುವವರಿಗೂ ಪೆಟ್ಟಿಗೆ ತೆರೆದು ಉಪಕರಣವನ್ನು ತೆಗೆಯುವವರಿಗೂ ಇರುವ ವ್ಯತ್ಯಾಸದಿಂದಲೇ ಅವರ ಯೋಗ್ಯತೆ ತಿಳಿಯುವುದು.

ಹಣವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳಿ ಮುಗಿಸುತ್ತೇನೆ. ರಾತ್ರಿ ಮನೆಯ ಎಲ್ಲ ಸ್ವಿಚ್ಚುಗಳನ್ನೂ ತೆಗೆದು, ಎಲ್ಲ ಪ್ಲಗ್ಗುಗಳನ್ನೂ ಎಳೆದು, ಫ್ರಿಜ್ಜನ್ನೂ ಇನ್ವರ್ಟರನ್ನೂ ಕಳಚಿ, ಮುಖ್ಯ ಸ್ವಿಚ್ಚನ್ನು ಮಾತ್ರ ಹಾಗೆಯೇ ಇಟ್ಟು ಮೀಟರಿನ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಯಾವುದೂ ನಡೆಯದಿರುವಾಗ ಅದರ ಕೆಂಪು ಚುಕ್ಕೆ ಮಿನುಗಕೂಡದು. ಮಿನುಗಿದರೆ ನಿಮಗೆ ತಿಳಿಯದೆ ಪ್ರವಾಹ ಎಲ್ಲಿಯೋ ಹರಿಯುತ್ತಿದೆ. ಮೊದಲು ತಿಂಗಳ ಬಿಲ್ಲು ಏರಿದರೆ ಜನ ಸೋರಿಕೆಯನ್ನು ಹುಡುಕುತ್ತಿದ್ದರು. ೨೦೨೩ರಲ್ಲಿ ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆಯಾದ ಮನೆಗಳಲ್ಲಿ ಆ ಕಾಗದವನ್ನು ತಿರುಗಿಸಿ ನೋಡುವವರೂ ಇಲ್ಲ. ಕೊಟ್ಟೂರಿನ ನಮ್ಮ ಮನೆಯಲ್ಲಿ ತಂತಿಯನ್ನೆಲ್ಲ ಬದಲಾಯಿಸಿದ ದಿನ ನಾನು ಈ ಪರೀಕ್ಷೆಯನ್ನು ಮಾಡಿದೆ. ತಾಯಿಯವರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹತ್ತು ನಿಮಿಷ ಚುಕ್ಕೆ ಮಿನುಗಲಿಲ್ಲ. ‘ಇನ್ನು ಕೂಲರ್ ಹಾಕು, ಸೆಕೆ’ ಎಂದು ಅವರು ಎದ್ದು ಹೋದರು.